ಹುಳ ಹುಡುಕಿದ ಅಡ್ಮಿರಲ್: ಗ್ರೇಸ್ ಹಾಪರ್

ಸಿ ಲ್ಯಾಬ್‌ನಲ್ಲಿ ಕೂತವರೆಲ್ಲಾ ಒಂದಲ್ಲ ಒಂದು ಸಲ ಕೇಳಿರೋ ಕಥೆ ಇದು. ಹಳೇ ಕಾಲದ ಒಂದು ದೈತ್ಯ ಕಂಪ್ಯೂಟರಿನೊಳಗೆ ಹುಳ ಸಿಕ್ಕಿಹಾಕಿಕೊಂಡಿತ್ತು. ಗ್ರೇಸ್ ಹಾಪರ್ ಅನ್ನೋ ಹೆಣ್ಣುಮಗಳು ಅದನ್ನು ಹಿಡಿದರು. ಅವತ್ತಿನಿಂದ ಪ್ರೋಗ್ರಾಮಿನ ತಪ್ಪಿಗೆ ಬಗ್ ಅಂತ ಹೆಸರು ಬಂತು. ಕಥೆಯಲ್ಲಿ ಹುಳ ನಿಜ, ಕಂಪ್ಯೂಟರ್ ನಿಜ, ಗ್ರೇಸ್ ಹಾಪರ್ ಕೂಡ ನಿಜ. ಉಳಿದದ್ದು ಬಾಯಿಂದ ಬಾಯಿಗೆ ಹೋಗ್ತಾ ಬೆಳೆದದ್ದು.

ಕಥೆ ಸ್ವಲ್ಪ ಬೆಳೆದಿದ್ದರೆ ನಮಗೇನೂ ಬೇಜಾರಿಲ್ಲ. ಆದರೆ ಆ ಒಂದು ಹುಳದ ಹಿಂದೆ ಅವರ ನಲವತ್ತು ವರ್ಷದ ಕೆಲಸ ಮರೆಯಾಗಿಬಿಟ್ಟಿದೆ. ಗ್ರೇಸ್ ಬದುಕಿಡೀ ಬಗ್ ಹುಡುಕಿದವರು. ಸಿಕ್ಕ ಬಗ್ಗನ್ನು ಸರಿಮಾಡಿ ಎದ್ದು ಹೋಗೋದು ಅವರಿಗೆ ಸಾಲುತ್ತಿರಲಿಲ್ಲ. ಇಂಥ ತಪ್ಪು ಮತ್ತೆ ಆಗೋದಕ್ಕೇ ಜಾಗ ಇರಬಾರದು, ಅದಕ್ಕೇನು ಮಾಡಬೇಕು ಅಂತ ಯೋಚಿಸಿದವರು ಅವರು. ನಾವು ದಿನಾ ಬಳಸೋ ಕಂಪೈಲರ್, ಲಿಂಕರ್‌ಗಳ ಬೇರು ಇರೋದು ಆ ಯೋಚನೆಯಲ್ಲಿ. ಅದಕ್ಕೇ ಈ ಸಂಚಿಕೆಯಲ್ಲಿ ಅವರ ಬದುಕನ್ನು ಮೊದಲಿನಿಂದ ಹೇಳೋಣ ಅಂತ ಹೊರಟಿದ್ದೇವೆ.

ಏಳು ಗಡಿಯಾರ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಅಪ್ಪ ವಿಮೆ ವ್ಯವಹಾರದವರು. ಅಮ್ಮನಿಗೆ ಗಣಿತ ಅಂದರೆ ಪ್ರಾಣ. ಅಮ್ಮನ ಅಪ್ಪ ನಗರದ ಸಿವಿಲ್ ಇಂಜಿನಿಯರ್. ಅಜ್ಜ ಸರ್ವೆಗೆ ಹೊರಟರೆ ಮೊಮ್ಮಗಳೂ ಹಿಂದೆ ಹೊರಡುತ್ತಿದ್ದಳು, ಕೆಂಪು ಬಿಳಿ ಪಟ್ಟೆಯ ಸರ್ವೆ ಕೋಲು ಹಿಡಿದು ನಿಲ್ಲುತ್ತಿದ್ದಳು. ಅದು ಎಂಥ ಕೆಲಸ ಅಂತ ನಮ್ಮ ಸಿವಿಲ್ ಬ್ರ್ಯಾಂಚಿನವರಿಗೆ ಹೇಳಬೇಕಾಗಿಲ್ಲ.

ಏಳು ವರ್ಷದವಳಿದ್ದಾಗಿನ ಒಂದು ಘಟನೆ ಬಹಳ ಜನಕ್ಕೆ ಗೊತ್ತು. ಬೇಸಿಗೆ ರಜೆಗೆ ಹೋಗುತ್ತಿದ್ದ ಮನೆಯಲ್ಲಿ ಏಳು ಅಲಾರಂ ಗಡಿಯಾರಗಳಿದ್ದವು. ಅಲಾರಂ ಹೇಗೆ ಹೊಡೆದುಕೊಳ್ಳುತ್ತೆ ಅಂತ ನೋಡೋಕೆ ಹುಡುಗಿ ಒಂದನ್ನು ಬಿಚ್ಚಿದಳು. ಸ್ಪ್ರಿಂಗು, ಹಲ್ಲುಚಕ್ರ ಎಲ್ಲಾ ಹೊರಗೆ ಬಂದವು, ವಾಪಸ್ ಜೋಡಿಸೋಕೆ ಬರಲಿಲ್ಲ. ಹೇಗೆ ಜೋಡಿಸಿದ್ದಾರೆ ಅಂತ ನೋಡೋಕೆ ಎರಡನೆಯದನ್ನು ಬಿಚ್ಚಿದಳು. ಆಮೇಲೆ ಮೂರನೆಯದು. ಅಮ್ಮನಿಗೆ ಗೊತ್ತಾಗೋ ಹೊತ್ತಿಗೆ ಏಳೂ ಬಿಚ್ಚಿ ಬಿದ್ದಿದ್ದವು. ಅಮ್ಮ ಹೊಡೆಯಲಿಲ್ಲ. ಇನ್ನು ಮೇಲೆ ಬಿಚ್ಚೋಕೆ ನಿನಗೆ ಒಂದೇ ಗಡಿಯಾರ ಅಂತ ಕಟ್ಟುಪಾಡು ಹಾಕಿದರು. ಬಿಚ್ಚಬೇಡ ಅಂತ ಮಾತ್ರ ಹೇಳಲಿಲ್ಲ ಅನ್ನೋದನ್ನು ಗಮನಿಸಬೇಕು.

ಅಪ್ಪನಿಗೆ ರಕ್ತನಾಳದ ಕಾಯಿಲೆಯಿಂದ ಎರಡೂ ಕಾಲು ಹೋದವು. ನಾಳೆ ಏನಾದರೂ ಆದರೆ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕು, ಗಂಡುಮಗನಿಗೆ ಸಿಗೋ ಓದು ಅವರಿಗೂ ಸಿಗಬೇಕು ಅನ್ನೋದು ಆ ಮನುಷ್ಯನ ಹಟ. ಗ್ರೇಸ್ 1924ರಲ್ಲಿ ವ್ಯಾಸರ್ ಕಾಲೇಜು ಸೇರಿದರು. ಅದರ ಹಿಂದಿನ ವರ್ಷವೇ ಸೇರಬೇಕಿತ್ತು, ಆದರೆ ಲ್ಯಾಟಿನ್‌ನಲ್ಲಿ ಅಂಕ ಸಾಲದೆ ಒಂದು ವರ್ಷ ಕಾಯಬೇಕಾಯಿತು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1930ರಲ್ಲಿ ಯೇಲ್‌ನಿಂದ ಎಂ.ಎ. ಅದೇ ವರ್ಷ ವಿನ್ಸೆಂಟ್ ಹಾಪರ್ ಜೊತೆ ಮದುವೆ. 1934ರಲ್ಲಿ ಯೇಲ್‌ನಲ್ಲೇ ಗಣಿತದಲ್ಲಿ ಪಿಎಚ್‌ಡಿ. ಅಷ್ಟರಲ್ಲಾಗಲೇ ತಾವು ಓದಿದ ವ್ಯಾಸರ್‌ನಲ್ಲೇ ಮೇಷ್ಟ್ರಾಗಿದ್ದರು. ಅವರ ಗಣಿತದ ಕ್ಲಾಸಿನಲ್ಲಿ ಪ್ರಬಂಧ ಬರೆಯಬೇಕಿತ್ತು. ಲೆಕ್ಕದ ಪೀರಿಯಡ್‌ನಲ್ಲಿ ಇದ್ಯಾಕೆ ಅಂತ ವಿದ್ಯಾರ್ಥಿನಿಯರು ಗೊಣಗಿದರೂ ಬಿಡುತ್ತಿರಲಿಲ್ಲ. ಗಣಿತ ಗೊತ್ತಿದ್ದು ಅದನ್ನು ಇನ್ನೊಬ್ಬರಿಗೆ ತಿಳಿಯೋ ಹಾಗೆ ಹೇಳೋಕೆ ಬರದಿದ್ದರೆ ಏನು ಪ್ರಯೋಜನ ಅನ್ನೋದು ಅವರ ವಾದ. ಈ ವಾದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಐದು ಟನ್ನಿನ ಲೆಕ್ಕದ ಯಂತ್ರ

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ಆಯಿತು, ಅಮೆರಿಕ ಯುದ್ಧಕ್ಕಿಳಿಯಿತು. ಗ್ರೇಸ್‌ಗೆ ನೌಕಾಪಡೆ ಸೇರೋ ಆಸೆ. ಅಮ್ಮನ ಕಡೆಯ ಪೂರ್ವಜರೊಬ್ಬರು ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವರು. ಆದರೆ ಅಡ್ಡಿ ಒಂದೆರಡಲ್ಲ. ವಯಸ್ಸು ಮೂವತ್ತೈದರ ಆಸುಪಾಸು. ತೂಕ 105 ಪೌಂಡ್, ಅಂದರೆ 48 ಕಿಲೋ ಕೂಡ ಇಲ್ಲ, ನಿಯಮಕ್ಕಿಂತ ಬಹಳ ಕಡಿಮೆ. ಜೊತೆಗೆ ಗಣಿತದ ಮೇಷ್ಟ್ರು ಊರಲ್ಲೇ ಇರೋದು ದೇಶಕ್ಕೆ ಹೆಚ್ಚು ಉಪಯೋಗ ಅನ್ನೋದು ಸರ್ಕಾರದ ಅಭಿಪ್ರಾಯ. ಕಾಡಿ ಬೇಡಿ ವಿನಾಯಿತಿ ಪಡೆದು 1943ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮಹಿಳಾ ಮೀಸಲು ದಳ ಸೇರಿದರು. ತರಬೇತಿಯಲ್ಲಿ ತಂಡಕ್ಕೇ ಮೊದಲಿಗರಾದರು.

ಹಡಗು ಹತ್ತಿಸುತ್ತಾರೆ ಅಂದುಕೊಂಡಿದ್ದವರನ್ನು ಕಳಿಸಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ. 1944ರ ಜುಲೈ 2ರಂದು ಅಲ್ಲಿ ಅವರ ಎದುರಿಗೆ ನಿಂತಿದ್ದು ಮಾರ್ಕ್ 1 ಅನ್ನೋ ಯಂತ್ರ. ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್, ಏಳೂವರೆ ಲಕ್ಷಕ್ಕೂ ಹೆಚ್ಚು ಬಿಡಿಭಾಗ. ಇದರ ಯೋಜನೆ ಮಾಡಿದ್ದು ಹೊವರ್ಡ್ ಐಕೆನ್, ಕಟ್ಟಿಕೊಟ್ಟಿದ್ದು ಐಬಿಎಂ. ಐಕೆನ್ ಪ್ರೊಫೆಸರೂ ಹೌದು, ನೌಕಾಪಡೆಯ ಅಧಿಕಾರಿಯೂ ಹೌದು, ಬಿಗಿ ಮನುಷ್ಯ. ಹೊಸಬರನ್ನು ಕೂರಿಸಿ ಕಾಫಿ ಕೊಡೋ ಪೈಕಿ ಅಲ್ಲ. ಯಂತ್ರ ತೋರಿಸಿ, ಆರ್ಕ್‌ಟ್ಯಾಂಜೆಂಟ್ ಕೋಷ್ಟಕಕ್ಕೆ ಬೇಕಾದ ಗುಣಾಂಕಗಳನ್ನು ಮುಂದಿನ ವಾರದೊಳಗೆ ಲೆಕ್ಕ ಹಾಕಿಸಿ ಅಂತ ಕೆಲಸ ಹಚ್ಚಿಬಿಟ್ಟರು. ಪ್ರೋಗ್ರಾಮಿಂಗ್ ಕಲಿಸೋಕೆ ಪುಸ್ತಕ ಇರಲಿಲ್ಲ, ಟ್ಯುಟೋರಿಯಲ್ ಇರಲಿಲ್ಲ. ರಿಚರ್ಡ್ ಬ್ಲಾಕ್ ಮತ್ತು ರಾಬರ್ಟ್ ಕ್ಯಾಂಬೆಲ್ ಅನ್ನೋ ಇಬ್ಬರು ಕಿರಿಯ ಅಧಿಕಾರಿಗಳು ಅವರಿಗಿಂತ ಸ್ವಲ್ಪ ಮುಂಚೆ ಕಲಿತಿದ್ದರು, ಅಷ್ಟೇ. ಎರಡು ವರ್ಷದ ನಂತರ, 1946ರಲ್ಲಿ, ಈ ಯಂತ್ರಕ್ಕೆ 500 ಪುಟ ದಾಟಿದ ಕೈಪಿಡಿ ಬಂತು. ಅದನ್ನು ಬರೆಯೋ ಭಾರದ ದೊಡ್ಡ ಪಾಲು ಹೊತ್ತವರು ಗ್ರೇಸ್. ಪ್ರಬಂಧ ಬರೆಸುತ್ತಿದ್ದ ಮೇಷ್ಟ್ರು ಈಗ ತಾವೇ ಬರೆದರು.

ಮಾರ್ಕ್ 1 ಕೆಲಸ ಮಾಡೋ ರೀತಿ ಸ್ವಲ್ಪ ತಿಳಿದರೆ ಬಗ್ ಹುಡುಕೋದು ಎಷ್ಟು ಕಷ್ಟ ಇತ್ತು ಅಂತ ಗೊತ್ತಾಗುತ್ತೆ. ಆದೇಶಗಳು ಇರುತ್ತಿದ್ದದ್ದು ಕಾಗದದ ಟೇಪಿನ ಮೇಲೆ, ರಂಧ್ರಗಳ ರೂಪದಲ್ಲಿ. ಒಂದು ಸಾಲಿಗೆ 24 ಜಾಗ. ಸಂಖ್ಯೆ ಎಲ್ಲಿಂದ ತರಬೇಕು, ಎಲ್ಲಿಗೆ ಹಾಕಬೇಕು, ಏನು ಮಾಡಬೇಕು ಅಂತ ಮೂರು ಭಾಗ. ಲೂಪ್ ಬೇಕಿದ್ದರೆ ಟೇಪಿನ ಎರಡು ತುದಿ ಸೇರಿಸಿ ಅಂಟು ಹಾಕೋದು! ಯಂತ್ರ 23 ಅಂಕಿಯ ಸಂಖ್ಯೆಗಳನ್ನು ಕೂಡುತ್ತಿತ್ತು, ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡ್, ಭಾಗಾಕಾರಕ್ಕೆ ಸುಮಾರು 15 ಸೆಕೆಂಡ್ ತಗೊಳ್ಳುತ್ತಿತ್ತು. ಹಗಲೂ ರಾತ್ರಿ ಓಡುತ್ತಿತ್ತು.

ಉತ್ತರ ತಪ್ಪು ಬಂತು ಅಂದರೆ ಅನುಮಾನ ಪಡೋಕೆ ಮೂರು ಕಡೆ. ಯಂತ್ರದೊಳಗಿನ ಯಾವುದೋ ಸ್ವಿಚ್ಚು ಸರಿಯಾಗಿ ಕೂರದೆ ಇರಬಹುದು. ಟೇಪಿನಲ್ಲಿ ರಂಧ್ರ ಒಂದು ಸಾಲು ಆಚೆ ಬಿದ್ದಿರಬಹುದು. ಇಲ್ಲಾ, ಗಣಿತವೇ ತಪ್ಪಿರಬಹುದು. ಪರದೆ ಇಲ್ಲ, ಪ್ರಿಂಟ್‌ಎಫ್ ಹಾಕಿ ನೋಡೋ ಅನುಕೂಲ ಇಲ್ಲ. ಒಂದೊಂದೇ ಅನುಮಾನವನ್ನು ಪರೀಕ್ಷೆ ಮಾಡಿ ಬಿಡುತ್ತಾ ಹೋಗಬೇಕು. ಮೇಲಾಗಿ ಆ ಉತ್ತರಗಳು ಹೋಗುತ್ತಿದ್ದದ್ದು ಯುದ್ಧಕ್ಕೆ. 1944ರಲ್ಲಿ ಗಣಿತಜ್ಞ ಜಾನ್ ಫಾನ್ ನ್ಯೂಮನ್ ಒಂದು ಕ್ಲಿಷ್ಟವಾದ ಲೆಕ್ಕ ಹಿಡಿದುಕೊಂಡು ಬಂದರು, ತಂಡ ಅದನ್ನು ಯಂತ್ರಕ್ಕೆ ಹಾಕಿ ಉತ್ತರ ತೆಗೆದುಕೊಟ್ಟಿತು. ಅದು ಪರಮಾಣು ಬಾಂಬಿಗೆ ಸೇರಿದ ಲೆಕ್ಕ ಅನ್ನೋದು ಅಲ್ಲಿದ್ದವರಿಗೆ ತಿಳಿದದ್ದು ಆಮೇಲೆ. ತಾವು ತೆಗೆದ ಸಂಖ್ಯೆ ಎಲ್ಲಿ ಹೋಗಿ ಏನು ಮಾಡುತ್ತೆ ಅಂತ ಗೊತ್ತಿಲ್ಲದೇ ಅದು ಸರಿ ಇರಲೇಬೇಕು ಅಂತ ದುಡಿಯೋದು ಎಂಥ ಭಾರ ಅಂತ ಊಹಿಸಿ ನೋಡಿ.

ಎಪ್ಪತ್ತನೇ ರಿಲೇ

ಈಗ ಆ ಹುಳದ ವಿಷಯಕ್ಕೆ ಬರೋಣ. ಯುದ್ಧ ಮುಗಿದ ಮೇಲೂ ಗ್ರೇಸ್ ಹಾರ್ವರ್ಡ್‌ನಲ್ಲೇ ಉಳಿದರು. ಐಕೆನ್ ತಂಡ ನೌಕಾಪಡೆಗಾಗಿ ಮಾರ್ಕ್ 2 ಕಟ್ಟುತ್ತಿತ್ತು. ಇದು ಪೂರ್ತಿ ರಿಲೇಗಳ ಯಂತ್ರ. ರಿಲೇ ಅಂದರೆ ವಿದ್ಯುತ್ ಹರಿದಾಗ ಎಳೆದುಕೊಂಡು ಮುಚ್ಚಿಕೊಳ್ಳೋ ಸ್ವಿಚ್ಚು, ಇಇಇ ಲ್ಯಾಬ್‌ನಲ್ಲಿ ನಾವೆಲ್ಲಾ ಟಕ್ ಅನ್ನೋದನ್ನು ಕೇಳಿರೋದೇ. ಅಂಥವು ಸಾವಿರಾರು.

1947ರ ಸೆಪ್ಟೆಂಬರ್ 9. ಅವತ್ತಿನ ಲಾಗ್‌ಬುಕ್ ಈಗಲೂ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಮಧ್ಯಾಹ್ನ 3:25ಕ್ಕೆ ಕೂಡುವ ಭಾಗಗಳ ಪರೀಕ್ಷೆ ಶುರು. 3:45ಕ್ಕೆ, ಎಫ್ ಫಲಕದ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿರೋದು ಪತ್ತೆ. ಸಂಜೆ 4:30ಕ್ಕೆ ಕೆಲಸ ಮತ್ತೆ ಶುರು. 5 ಗಂಟೆಗೆ ಯಂತ್ರ ಬಂದ್. ಸತ್ತ ಪತಂಗವನ್ನು ಟೇಪ್ ಹಾಕಿ ಆ ಪುಟಕ್ಕೇ ಅಂಟಿಸಿದ್ದಾರೆ. ನಿಜವಾದ ಬಗ್ ಒಂದು ಸಿಕ್ಕಿದ್ದು ಇದೇ ಮೊದಲು ಅನ್ನೋ ಅರ್ಥದ ಒಂದು ಸಾಲು ಪಕ್ಕದಲ್ಲಿದೆ.

ಈ ಸಾಲನ್ನು ಓದಿ ಬಗ್ ಅನ್ನೋ ಪದ ಅವತ್ತು ಹುಟ್ಟಿತು ಅಂತ ಬಹಳ ಜನ ತಿಳಿದಿದ್ದಾರೆ. ಸ್ವಲ್ಪ ಯೋಚಿಸಿದರೆ ಉಲ್ಟಾ ಅಂತ ಗೊತ್ತಾಗುತ್ತೆ. ಪದ ಮೊದಲೇ ಬಳಕೆಯಲ್ಲಿದ್ದರೆ ಮಾತ್ರ ನಿಜವಾದ ಬಗ್ ಸಿಕ್ತು ಅನ್ನೋ ತಮಾಷೆಗೆ ನಗು ಬರೋದು. 1870ರ ದಶಕದಲ್ಲೇ ಥಾಮಸ್ ಎಡಿಸನ್ ತನ್ನ ಯಂತ್ರಗಳ ಸಣ್ಣಪುಟ್ಟ ತೊಂದರೆಗೆ ಈ ಪದ ಬಳಸಿದ್ದ. ಇನ್ನು ಪತಂಗವನ್ನು ಗ್ರೇಸ್ ಒಬ್ಬರೇ ಹಿಡಿದರು ಅನ್ನೋದಕ್ಕೂ ಆಧಾರ ಇಲ್ಲ, ಅದು ತಂಡದ ಕೆಲಸ. ಅವರು ಮಾಡಿದ್ದು ಮುಂದಿನ ನಲವತ್ತು ವರ್ಷ ಹೋದಲ್ಲೆಲ್ಲಾ ಆ ಕಥೆಯನ್ನು ಚೆನ್ನಾಗಿ ಹೇಳಿದ್ದು.

ಆದರೆ ಲಾಗ್‌ಬುಕ್ಕಿನ ಆ 20 ನಿಮಿಷ ನೋಡಿ. ಸಾವಿರಾರು ರಿಲೇ ಇರೋ ಯಂತ್ರದಲ್ಲಿ ಒಂದು ರಿಲೇ ಮುಚ್ಚಿಕೊಳ್ತಾ ಇಲ್ಲ. ಯಾವುದು ಅಂತ ಒಂದೊಂದನ್ನೇ ಬಗ್ಗಿ ನೋಡುತ್ತಾ ಹೋಗಿದ್ದರೆ ವಾರ ಹಿಡಿಯುತ್ತಿತ್ತು. ಸರಿಯಾದ ಪರೀಕ್ಷೆ ಓಡಿಸಿದರೆ ತಪ್ಪು ಯಾವ ಭಾಗದಲ್ಲಿದೆ ಅಂತ ಅದೇ ಬೆರಳು ಮಾಡಿ ತೋರಿಸುತ್ತೆ. ಹುಳಕ್ಕಿಂತ ದೊಡ್ಡ ಪಾಠ ಇದು.

ಕೈಬರಹದೊಳಗಿನ ಹುಳ

ಪತಂಗ ಕಣ್ಣಿಗೆ ಕಾಣುತ್ತೆ. ಗ್ರೇಸ್‌ರನ್ನು ಹೆಚ್ಚು ಕಾಡಿದ್ದು ಕಣ್ಣಿಗೆ ಕಾಣದ ಬಗ್. ಸೈನ್ ಬೆಲೆ ಕಂಡುಹಿಡಿಯೋ ಕೋಡ್ ಒಬ್ಬರ ಹತ್ತಿರ ಇದ್ದರೆ ಇನ್ನೊಬ್ಬರು ಅದನ್ನು ಮತ್ತೆ ಯಾಕೆ ಬರೀಬೇಕು? ಹಾಗಾಗಿ ಸರಿಯಾಗಿ ಓಡಿದ ಕೋಡಿನ ತುಂಡುಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರದ್ದನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಇವೇ ಸಬ್‌ರೂಟೀನ್‌ಗಳು. ರೆಕಾರ್ಡ್ ಬುಕ್ ಕಾಪಿ ಹೊಡೆದು ಅನುಭವ ಇರೋ ನಮಗೆ ಮುಂದಿನದು ಹೇಳಬೇಕಾಗಿಲ್ಲ! ನಕಲು ಮಾಡುವಾಗ 4 ಅನ್ನೋದು ಡೆಲ್ಟಾ ಆಗುತ್ತಿತ್ತು, ಇಲ್ಲಾ ಎ ಆಗುತ್ತಿತ್ತು. ಬಿ ಅನ್ನೋ ಅಕ್ಷರ 13 ಆಗುತ್ತಿತ್ತು.

ಎರಡನೇ ತೊಂದರೆ ಕೂಡೋದು. ಸಬ್‌ರೂಟೀನ್ ಬರೆದವರು ಅದು ಮೆಮೊರಿಯ 0ಯಿಂದ ಶುರು ಅಂದುಕೊಂಡು ಬರೆದಿರುತ್ತಾರೆ. ಅದರೊಳಗೆ 12ನೇ ಜಾಗಕ್ಕೆ ಹಾರು ಅಂತ ಇದ್ದು, ನೀವು ಅದನ್ನು ನಿಮ್ಮ ಪ್ರೋಗ್ರಾಮಿನ 340ರಲ್ಲಿ ಕೂರಿಸಿದರೆ ಆ 12 ಈಗ 352 ಆಗಬೇಕು. ಹೀಗೆ ಒಳಗಿರೋ ಪ್ರತಿ ವಿಳಾಸಕ್ಕೂ 340 ಕೂಡಬೇಕು. ಎಲ್ಲೋ ಒಂದು ಕಡೆ ತಪ್ಪು ಕೂಡಿದರೆ ಪ್ರೋಗ್ರಾಂ ಎಲ್ಲಿಗೋ ಹೋಗಿ ಬೀಳುತ್ತೆ. ಪ್ರೋಗ್ರಾಮರ್‌ಗಳಿಗೆ ನೆಟ್ಟಗೆ ನಕಲು ಮಾಡೋಕೂ ಬರಲ್ಲ, ಕೂಡೋಕೂ ಬರಲ್ಲ ಅನ್ನೋ ತೀರ್ಮಾನಕ್ಕೆ ಗ್ರೇಸ್ ಬಂದರು. ಅದು ಬೈಗುಳ ಆಗಿರಲಿಲ್ಲ, ಎಲ್ಲರ ಜೊತೆ ತಮ್ಮನ್ನೂ ಸೇರಿಸಿಕೊಂಡೇ ಹೇಳಿದ್ದು. ಅದಾದ ಮೇಲೆ ಅವರು ಕೇಳಿಕೊಂಡ ಪ್ರಶ್ನೆ ಸರಳ: ನಕಲು ಮಾಡೋದು, ಕೂಡೋದು ಇವೆರಡನ್ನೂ ಬೇಜಾರಿಲ್ಲದೆ ಮಾಡೋ ಯಂತ್ರ ಪಕ್ಕದಲ್ಲೇ ಇರುವಾಗ ಮನುಷ್ಯ ಯಾಕೆ ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕೋ ಹೊತ್ತಿಗೆ ಅವರ ಸ್ವಂತ ಬದುಕು ಸರಿ ಇರಲಿಲ್ಲ. 1945ರಲ್ಲಿ ಮದುವೆ ಮುರಿದಿತ್ತು. ಹಾರ್ವರ್ಡ್‌ನಲ್ಲಿ ಹೆಣ್ಣುಮಗಳಿಗೆ ಕಾಯಂ ಹುದ್ದೆಯ ದಾರಿ ಕಾಣದೆ 1949ರಲ್ಲಿ ಹೊರಬಂದರು. ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಎನಿಯಾಕ್ ಕಟ್ಟಿದ ಇಬ್ಬರು ಶುರುಮಾಡಿದ ಕಂಪನಿ ಅದು, ದುಡ್ಡಿಗೆ ಒದ್ದಾಡುತ್ತಿತ್ತು. ಯುದ್ಧದ ದಿನಗಳಿಂದ ಅಂಟಿದ್ದ ಕುಡಿತ ಹೆಚ್ಚಾಗಿ, ಆ ವರ್ಷದ ಕೊನೆಗೆ ಪೊಲೀಸು, ಆಸ್ಪತ್ರೆ ತನಕ ಹೋಯಿತು. ಗೆಳೆಯರು ಸುಮ್ಮನಿರಲಿಲ್ಲ. ಹಾರ್ವರ್ಡ್ ದಿನಗಳ ಒಡನಾಡಿ ಎಡ್ಮಂಡ್ ಬರ್ಕ್ಲಿ ಮುಚ್ಚುಮರೆ ಇಲ್ಲದೆ ಪತ್ರ ಬರೆದು, ಈ ಬುದ್ಧಿ ಹೀಗೆ ಹಾಳಾಗೋದು ಸರಿಯಲ್ಲ ಅಂತ ತಿಳಿಸಿದರು. ಸಾಧಕರ ಬಗ್ಗೆ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡೋದು ರೂಢಿ. ನಮಗೆ ಬಿಡೋದು ಸರಿ ಅನ್ನಿಸಲಿಲ್ಲ. ಯಾಕಂದ್ರೆ ಮುಂದೆ ಹೇಳೋ ಕೆಲಸ ಮಾಡಿದ್ದು ಇದೇ ಹಳ್ಳದಿಂದ ಎದ್ದು ಬಂದ, ನಲವತ್ತು ದಾಟಿದ ಹೆಂಗಸು. ಹಾಸ್ಟೆಲ್ಲಿನಲ್ಲಿ ಯಾರಾದರೂ ಹೀಗೆ ಕುಸಿಯುತ್ತಿದ್ದರೆ, ಬರ್ಕ್ಲಿ ಥರ ನೇರವಾಗಿ ಹೇಳೋ ಒಬ್ಬ ಗೆಳೆಯ ಇರೋದು ಎಷ್ಟು ದೊಡ್ಡದು ಅಂತಲೂ ಇದರಿಂದ ತಿಳಿಯುತ್ತೆ.

ಇಲ್ಲೇ ಒಂದು ನಗೆಯ ಪ್ರಸಂಗ. ಆ ಕಂಪನಿಯ ಬೈನ್ಯಾಕ್ ಯಂತ್ರಕ್ಕಾಗಿ ಗ್ರೇಸ್ ಆಕ್ಟಲ್ ಲೆಕ್ಕ ಕಲಿತರು, ಚೆನ್ನಾಗೇ ಕಲಿತರು. ಸ್ವಲ್ಪ ದಿನದಲ್ಲಿ ಅವರ ಬ್ಯಾಂಕಿನ ಲೆಕ್ಕ ತಾಳೆ ಆಗೋದು ನಿಂತುಹೋಯಿತು. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ ಬ್ಯಾಂಕಿನಲ್ಲಿದ್ದ ತಮ್ಮನನ್ನು ಕರೆದರು. ಅವನು ಕೂತು ಹುಡುಕಿ ಹೇಳಿದ: ಅಕ್ಕ ಅಲ್ಲಲ್ಲಿ ಆಕ್ಟಲ್‌ನಲ್ಲಿ ಕಳೆದಿದ್ದಾಳೆ! 100ರಲ್ಲಿ 33 ಕಳೆದರೆ ನಮಗೆ 67, ಆಕ್ಟಲ್‌ನಲ್ಲಿ 45. ಯಂತ್ರಕ್ಕೆ ಮನುಷ್ಯ ಹೊಂದಿಕೊಳ್ಳೋಕೆ ಹೋದರೆ ಹೀಗಾಗುತ್ತೆ. ಯಂತ್ರವೇ ಮನುಷ್ಯನ ಹತ್ತಿರ ಬರಬೇಕು ಅನ್ನೋ ಯೋಚನೆಗೆ ಈ ಪಾಸ್‌ಬುಕ್ಕೂ ಒಂದು ಕಾರಣ.

ಬ್ಯಾಸ್ಕೆಟ್‌ಬಾಲ್ ತಂದ ಉಪಾಯ

1950ರಲ್ಲಿ ಆ ಕಂಪನಿಯನ್ನು ರೆಮಿಂಗ್ಟನ್ ರ್‍ಯಾಂಡ್ ಕೊಂಡುಕೊಂಡಿತು. ಅವರ ಯುನಿವ್ಯಾಕ್ ಯಂತ್ರದ ಮೆಮೊರಿಯಲ್ಲಿ 1000 ಪದಗಳಿಗೆ ಜಾಗ, ಪದ ಒಂದಕ್ಕೆ 12 ಅಕ್ಷರ. ಗ್ರೇಸ್ 1951ರ ಕೊನೆಯಿಂದ 1952ರ ಮೇ ಒಳಗೆ ಎ-0 ಅನ್ನೋ ಪ್ರೋಗ್ರಾಂ ಬರೆದರು. ಪರೀಕ್ಷೆ ಮಾಡಿ ಸರಿ ಅಂತ ಖಾತ್ರಿಯಾದ ಸಬ್‌ರೂಟೀನ್‌ಗಳೆಲ್ಲಾ ಮ್ಯಾಗ್ನೆಟಿಕ್ ಟೇಪಿನ ಮೇಲೆ ಇರುತ್ತವೆ, ಒಂದೊಂದಕ್ಕೂ ಒಂದು ಕರೆ ಸಂಖ್ಯೆ. ಪ್ರೋಗ್ರಾಮರ್ ಬರೆಯೋದು ಯಾವ್ಯಾವುದು ಬೇಕು ಅನ್ನೋ ಪಟ್ಟಿ ಮಾತ್ರ. ಎ-0 ಆ ಪಟ್ಟಿ ಓದಿ, ಟೇಪಿನಿಂದ ಒಂದೊಂದನ್ನು ತಂದು, ಒಂದರ ಹಿಂದೆ ಒಂದು ಜೋಡಿಸಿ, ವಿಳಾಸಗಳನ್ನೆಲ್ಲಾ ತಾನೇ ಕೂಡಿ ಪ್ರೋಗ್ರಾಂ ತಯಾರು ಮಾಡುತ್ತೆ.

ಒಂದು ತೊಡಕು ಬಂತು. ಎ-0 ಪಟ್ಟಿಯನ್ನು ಒಂದೇ ಸಲ, ಮೇಲಿಂದ ಕೆಳಗೆ ಓದಬೇಕು. ಹಿಂದೆ ಬಂದುಹೋದ ಜಾಗಕ್ಕೆ ಹಾರೋದು ಸುಲಭ, ಅದರ ವಿಳಾಸ ಗೊತ್ತು. ಮುಂದೆ ಬರಬೇಕಾದ ಸಬ್‌ರೂಟೀನ್‌ಗೆ ಹಾರಬೇಕು ಅಂದರೆ? ಅದು ಎಲ್ಲಿ ಕೂರುತ್ತೆ ಅಂತ ಇನ್ನೂ ಗೊತ್ತಿಲ್ಲ. ಉಪಾಯ ಹೊಳೆದದ್ದು ಕಾಲೇಜಿನ ಬ್ಯಾಸ್ಕೆಟ್‌ಬಾಲ್‌ನಿಂದ. ಆಗಿನ ಹುಡುಗಿಯರ ಆಟದ ನಿಯಮದಲ್ಲಿ ಚೆಂಡನ್ನು ಒಂದಕ್ಕಿಂತ ಹೆಚ್ಚು ಸಲ ಪುಟಿಸಿಕೊಂಡು ಓಡುವ ಹಾಗಿರಲಿಲ್ಲ. ಹಾಗಾಗಿ ಚೆಂಡನ್ನು ಜೊತೆಯವಳಿಗೆ ಎಸೆದು, ಮುಂದೆ ಓಡಿ, ಅವಳಿಂದ ವಾಪಸ್ ತಗೊಳ್ಳೋದು. ಗ್ರೇಸ್ ಇದನ್ನೇ ಮೆಮೊರಿಯಲ್ಲಿ ಮಾಡಿದರು. ಕೊನೆಯಲ್ಲಿ ಒಂದು ಮೂಲೆ ಕಾದಿರಿಸಿದರು. ಮುಂದಕ್ಕೆ ಹಾರಬೇಕಾದಾಗ ಮೊದಲು ಆ ಮೂಲೆಯ ಒಂದು ಗೊತ್ತಾದ ಜಾಗಕ್ಕೆ ಹಾರು. ಆ ಸಬ್‌ರೂಟೀನ್ ನಿಜವಾಗಿ ಬಂದು ಕೂತಾಗ, ಮೂಲೆಯಿಂದ ಅದರ ವಿಳಾಸಕ್ಕೆ ಇನ್ನೊಂದು ಹಾರುವ ಆದೇಶ ಬರೆದುಬಿಡು. ಸಮಸ್ಯೆ ಮುಗಿಯಿತು.

ಸಿಸ್ಟಂ ಸಾಫ್ಟ್‌ವೇರ್ ಪೇಪರ್ ಓದಿದವರಿಗೆ ಇದು ಪರಿಚಯ ಇರಬೇಕು. ಲಿಂಕಿಂಗ್, ಲೋಡಿಂಗ್, ರಿಲೊಕೇಶನ್, ಫಾರ್ವರ್ಡ್ ರೆಫರೆನ್ಸ್ ಅಂತ ನಾವು ಹತ್ತು ಮಾರ್ಕಿಗೆ ಓದೋದು ಇದನ್ನೇ. ಗ್ರೇಸ್ ಇದನ್ನು ಕಂಪೈಲರ್ ಅಂತ ಕರೆದರು. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್ ಮತ್ತು ಲೋಡರ್‌ಗೆ ಹತ್ತಿರ. ಲ್ಯಾಬ್‌ನಲ್ಲಿ ಗಣಿತದ ಲೈಬ್ರರಿ ಸೇರಿಸೋಕೆ ಮರೆತಾಗ ಬರೋ ಅನ್‌ಡಿಫೈನ್ಡ್ ರೆಫರೆನ್ಸ್ ಅನ್ನೋ ಬೈಗುಳ ಇದೆಯಲ್ಲಾ, ಆ ಬೈಗುಳ ಕೊಡೋ ಯುಟಿಲಿಟಿಯ ಮುತ್ತಜ್ಜಿ ಎ-0. ಕೇಳಿದ್ದು ಪಟ್ಟಿಯಲ್ಲಿದೆ, ಟೇಪಿನಲ್ಲಿ ಇಲ್ಲ ಅಂತ ಅದು ಹೇಳ್ತಾ ಇದೆ ಅಷ್ಟೇ.

1952ರಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರೂ ಜನ ನಂಬಲಿಲ್ಲ. ಕಂಪ್ಯೂಟರ್ ಲೆಕ್ಕ ಮಾತ್ರ ಮಾಡುತ್ತೆ, ಪ್ರೋಗ್ರಾಂ ಬರೆಯೋದು ಅದರ ಕೈಲಾಗದು ಅನ್ನೋದು ಸಾಮಾನ್ಯ ನಂಬಿಕೆ. ಕಂಪೈಲರ್ ಓಡ್ತಾ ಇದ್ದರೂ ಯಾರೂ ಮುಟ್ಟುತ್ತಿರಲಿಲ್ಲ ಅಂತ ಗ್ರೇಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಬಿಡಲಿಲ್ಲ. 1953ರಲ್ಲಿ ಬಂದ ಎ-2 ಆವೃತ್ತಿಯನ್ನು ಗ್ರಾಹಕರಿಗೆ ಸೋರ್ಸ್ ಕೋಡ್ ಸಮೇತ ಕೊಟ್ಟು, ತಿದ್ದುಪಡಿ ಇದ್ದರೆ ಕಳಿಸಿ ಅಂತ ಕೇಳಿದರು. ಓಪನ್ ಸೋರ್ಸ್ ಅನ್ನೋ ಹೆಸರು ಬರೋಕೆ ಇನ್ನೂ ನಾಲ್ಕು ದಶಕ ಇತ್ತು.

ಫ್ರೆಂಚ್ ಮಾತಾಡಿದ ಯಂತ್ರ

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಸಂಬಳದ ಪಟ್ಟಿ, ದಾಸ್ತಾನು ಲೆಕ್ಕ ನೋಡಿಕೊಳ್ಳೋರಿಗೆ ಗಣಿತದ ಸಂಕೇತ ಯಾಕೆ, ಅವರು ಮಾತಿನಲ್ಲೇ ಬರೆಯಲಿ ಅಂತ ಗ್ರೇಸ್ ಹಟ ಹಿಡಿದರು. ಹೇಳಬೇಕಾದ್ದನ್ನು ತಿಳಿಯೋ ಹಾಗೆ ಹೇಳು ಅನ್ನೋ ಆ ಹಳೇ ಮೇಷ್ಟ್ರ ವಾದ ಇಲ್ಲಿ ಮತ್ತೆ ಬಂತು. ಪುಟ್ಟ ಮಾದರಿಯೊಂದನ್ನು ಮಾಡಿ ಮೇಲಧಿಕಾರಿಗಳಿಗೆ ತೋರಿಸಿದರು. ಇಂಗ್ಲಿಷ್ ಪದಗಳಲ್ಲಿ ಬರೆದ ಪ್ರೋಗ್ರಾಂ ಓಡಿತು. ಆಮೇಲೆ ಉತ್ಸಾಹದಲ್ಲಿ ಅದೇ ಪ್ರೋಗ್ರಾಮನ್ನು ಫ್ರೆಂಚ್‌ನಲ್ಲಿ ತೋರಿಸಿದರು, ಜರ್ಮನ್‌ನಲ್ಲೂ ತೋರಿಸಿದರು. ಅಲ್ಲಿಗೆ ಕೆಲಸ ಕೆಟ್ಟಿತು. ಅಮೆರಿಕದಲ್ಲಿ ಕಟ್ಟಿದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ಹೇಗೆ ಅರ್ಥ ಆದೀತು ಅಂತ ಅಧಿಕಾರಿಗಳು ಗಾಬರಿಬಿದ್ದರು. ಯಂತ್ರಕ್ಕೆ ಇಂಗ್ಲಿಷೂ ಅರ್ಥವಾಗಿರಲಿಲ್ಲ, ಎಲ್ಲವೂ ಬರೀ ಸಂಕೇತ ಅಂತ ತಿಳಿಹೇಳೋಕೆ ಗ್ರೇಸ್ ತಿಂಗಳುಗಟ್ಟಲೆ ಒದ್ದಾಡಬೇಕಾಯಿತು. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಸಾಧ್ಯವಾ ಅಂತ ನಮ್ಮ ಸಂಘದಲ್ಲಿ ವರ್ಷಕ್ಕೊಂದು ಸಲ ಚರ್ಚೆ ಏಳುತ್ತೆ. ಉತ್ತರ 1950ರ ದಶಕದಲ್ಲೇ ಸಿಕ್ಕಿದೆ: ಯಂತ್ರದ ಕಡೆಯಿಂದ ಅಡ್ಡಿ ಯಾವತ್ತೂ ಇರಲಿಲ್ಲ.

ಈ ಕೆಲಸ ಫ್ಲೋ-ಮ್ಯಾಟಿಕ್ ಅನ್ನೋ ಭಾಷೆಯಾಗಿ 1958ರ ಹೊತ್ತಿಗೆ ಗ್ರಾಹಕರ ಕೈಸೇರಿತು. 1959ರಲ್ಲಿ ಎಲ್ಲಾ ಕಂಪನಿಯ ಯಂತ್ರಕ್ಕೂ ಹೊಂದೋ ಒಂದು ವ್ಯವಹಾರ ಭಾಷೆ ಬೇಕು ಅಂತ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸಭೆ ಸೇರಿತು. ಅಲ್ಲಿಂದ ಹುಟ್ಟಿದ್ದು ಕೋಬಾಲ್. ಗ್ರೇಸ್ ಒಬ್ಬರೇ ಕೋಬಾಲ್ ಬರೆದರು ಅನ್ನೋದೂ ಹುಳದ ಕಥೆಯ ಥರಾನೇ ಬೆಳೆದ ಮಾತು. ಅದನ್ನು ರೂಪಿಸಿದ್ದು ಜೀನ್ ಸ್ಯಾಮೆಟ್ ಮೊದಲಾದವರಿದ್ದ ಸಮಿತಿ. ಗ್ರೇಸ್ ಸಲಹೆಗಾರರು, ಅವರ ಫ್ಲೋ-ಮ್ಯಾಟಿಕ್ ಅದಕ್ಕೆ ತಳಪಾಯ. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಕಂಪನಿಯ ಯಂತ್ರಗಳ ಮೇಲೆ ಓಡಿ ತೋರಿಸಿತು.

ಬೇಲಿಯೇ ಹೊಲ ಮೇಯ್ದರೆ

1966ರ ಕೊನೆಗೆ ನೌಕಾಪಡೆಯ ಮೀಸಲು ದಳದಿಂದ ಗ್ರೇಸ್‌ಗೆ ನಿವೃತ್ತಿ. ಹತ್ತು ತಿಂಗಳೂ ಆಗಿರಲಿಲ್ಲ, 1967ರ ಆಗಸ್ಟ್‌ನಲ್ಲಿ ನೌಕಾಪಡೆ ಮತ್ತೆ ಕರೆಯಿತು. ಆರು ತಿಂಗಳ ಕೆಲಸ ಅಂತ ಹೇಳಿದ್ದು. ಅದು 19 ವರ್ಷ ನಡೆಯಿತು! ಆಗ ಅವರಿಗೆ 60. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ?

ಕರೆದದ್ದು ಒಂದು ಹೊಸ ಜಾತಿಯ ಬಗ್ ಹುಡುಕೋಕೆ. ಕೋಬಾಲ್ ಎಲ್ಲಾ ಯಂತ್ರದಲ್ಲೂ ಒಂದೇ ಥರ ಓಡಬೇಕು ಅನ್ನೋದು ಕಾಗದದ ಮೇಲಿನ ಮಾತು. ನಿಜದಲ್ಲಿ ಒಂದೊಂದು ಕಂಪನಿಯ ಕಂಪೈಲರ್ ಒಂದೊಂದು ಥರ. ಒಂದು ಕಡೆ ಸರಿಯಾಗಿ ಓಡಿದ ಪ್ರೋಗ್ರಾಂ ಇನ್ನೊಂದು ಕಡೆ ಮುಗ್ಗರಿಸುತ್ತಿತ್ತು. ಇಂಥ ಬಗ್ ಎದುರಾದ ಪ್ರೋಗ್ರಾಮರ್‌ನ ಪಾಡು ಯೋಚಿಸಿ. ತನ್ನ ಕೋಡನ್ನು ಸಾಲು ಸಾಲಾಗಿ ನೋಡುತ್ತಾನೆ, ತಪ್ಪು ಸಿಗಲ್ಲ, ಯಾಕಂದ್ರೆ ತಪ್ಪು ಅಲ್ಲಿ ಇಲ್ಲವೇ ಇಲ್ಲ. ಕಾಯಬೇಕಾದ ಉಪಕರಣವೇ ತಪ್ಪು ಮಾಡ್ತಾ ಇದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಗ್ರೇಸ್ ತಂಡ ಮಾಡಿದ್ದು ಪರೀಕ್ಷೆಯ ಪ್ರೋಗ್ರಾಂಗಳ ಒಂದು ಕಟ್ಟು. ಕೋಬಾಲ್ ಕಂಪೈಲರ್ ಅಂತ ಯಾರು ಮಾರೋಕೆ ಬಂದರೂ ಮೊದಲು ಇವನ್ನು ಓಡಿಸಿ ತೋರಿಸಬೇಕು. ಉತ್ತರ ತಾಳೆ ಆಗದಿದ್ದರೆ ತಪ್ಪು ಎಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಮಾರ್ಕ್ 2ರಲ್ಲಿ 70ನೇ ರಿಲೇಯನ್ನು ತೋರಿಸಿದ ಆ 20 ನಿಮಿಷದ ಪರೀಕ್ಷೆಯ ವಿಚಾರವೇ ಇದು. ಆಗ ಅದು ಯಂತ್ರದ ಮೇಲೆ, ಈಗ ಕಂಪೈಲರ್ ಮೇಲೆ. ಇವತ್ತು ಯಾವ ಕಂಪೈಲರ್ ಹೊರಬರಬೇಕಿದ್ದರೂ ಸಾವಿರಾರು ಪರೀಕ್ಷೆ ದಾಟಿಯೇ ಬರಬೇಕು.

1969ರಲ್ಲಿ ಡೇಟಾ ಪ್ರೊಸೆಸಿಂಗ್ ವೃತ್ತಿಯವರ ಸಂಘ ವರ್ಷದ ಪುರುಷ ಅನ್ನೋ ಪ್ರಶಸ್ತಿ ಶುರುಮಾಡಿ, ಮೊದಲನೆಯದನ್ನು ಕೊಟ್ಟದ್ದು ಗ್ರೇಸ್‌ಗೆ! ಅವರ ಆಫೀಸಿನ ಗೋಡೆಯಲ್ಲಿ ಒಂದು ಗಡಿಯಾರ ಇತ್ತು, ಮುಳ್ಳು ಉಲ್ಟಾ ತಿರುಗೋದು. ಹಿಂದಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ ಅಂತ ಯಾರಾದರೂ ಹೇಳಿದರೆ ಆ ಗಡಿಯಾರಕ್ಕೆ ಕೈ ತೋರಿಸುತ್ತಿದ್ದರು. ಭಾಷಣಕ್ಕೆ ಹೋದರೆ ಒಂದು ಅಡಿಗೆ ಸ್ವಲ್ಪ ಕಡಿಮೆ, 11.8 ಇಂಚಿನ ತಂತಿ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡ್‌ನಲ್ಲಿ ಬೆಳಕು ಹೆಚ್ಚೆಂದರೆ ಇಷ್ಟು ದೂರ ಹೋಗುತ್ತೆ, ಯಂತ್ರ ಸಣ್ಣದಾಗಬೇಕಾದ್ದು ಯಾಕೆ ಅಂತ ಕೈಯಲ್ಲಿ ಹಿಡಿದು ನೋಡಿ ಅನ್ನುತ್ತಿದ್ದರು. ಪಾಠ ಮಾಡಿದ ಯುವಜನರೇ ತಮ್ಮ ದೊಡ್ಡ ಸಂಪಾದನೆ ಅನ್ನೋದು ಅವರ ಭಾವನೆ.

1983ರಲ್ಲಿ ಕಮೊಡೋರ್, 1985ರಲ್ಲಿ ರಿಯರ್ ಅಡ್ಮಿರಲ್. 1986ರ ಆಗಸ್ಟ್ 14ರಂದು, 79ನೇ ವಯಸ್ಸಿನಲ್ಲಿ, ಬಾಸ್ಟನ್‌ನಲ್ಲಿರೋ ಕಾನ್‌ಸ್ಟಿಟ್ಯೂಷನ್ ಅನ್ನೋ ಹದಿನೆಂಟನೇ ಶತಮಾನದ ಹಡಗಿನ ಮೇಲೆ ಬೀಳ್ಕೊಡುಗೆ. ಅಂತೂ ಹಡಗು ಹತ್ತಿದರು. ಆ ದಿನಕ್ಕೆ ಸೇವೆಯಲ್ಲಿದ್ದ ಅಧಿಕಾರಿಗಳಲ್ಲೇ ಹಿರಿಯರು ಅವರು. ಮನೆಯಲ್ಲಿ ಕೂರದೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಸೇರಿದರು. 1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಆರ್ಲಿಂಗ್ಟನ್‌ನ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿ ಇದೆ. 1997ರಲ್ಲಿ ಸೇವೆಗೆ ಬಂದ ಒಂದು ಯುದ್ಧನೌಕೆಗೆ ಅವರ ಹೆಸರಿದೆ.

ಅವರ ದಾರಿ ಎಲ್ಲಾ ಬಗ್‌ಗಳಿಗೂ ಮದ್ದಲ್ಲ. ಮೆಮೊರಿ ಉಳಿಸೋಕೆ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದ ಪ್ರೋಗ್ರಾಂಗಳು, ಅದರಲ್ಲೂ ಕೋಬಾಲ್ ಪ್ರೋಗ್ರಾಂಗಳು, 2000 ಬರೋ ಹೊತ್ತಿಗೆ ಲೋಕವನ್ನೆಲ್ಲಾ ಆತಂಕಕ್ಕೆ ತಳ್ಳಿದವು. ಅಲ್ಲಿ ಯಂತ್ರ ಹೇಳಿದ್ದನ್ನೇ ಮಾಡ್ತಾ ಇತ್ತು, ಹೇಳಿದ್ದೇ ಸಾಲದಾಗಿತ್ತು. ಮನುಷ್ಯ ತೀರ್ಮಾನ ತಗೊಳ್ಳೋ ಕಡೆ ತಪ್ಪು ನಡೆದರೆ ಯಾವ ಕಂಪೈಲರೂ ಹಿಡಿಯೋಕಾಗಲ್ಲ.

ಆದರೂ ಅವರಿಂದ ನಾವು ಕಲಿಯೋಕೆ ಒಂದು ಅಭ್ಯಾಸ ಇದೆ, ಅದಕ್ಕೆ ಅಡ್ಮಿರಲ್ ಆಗಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಬಗ್ ಸಿಕ್ಕಾಗ ಹಾಯ್ ಅನ್ನಿಸುತ್ತೆ. ಒಂದು ಸೆಮಿಕೋಲನ್, ಒಂದು ತಪ್ಪು ಇಂಡೆಕ್ಸ್, ಇನ್ಯಾರದೋ ಕೋಡ್ ಅಂಟಿಸುವಾಗ ಬದಲಾಯಿಸದೆ ಬಿಟ್ಟ ಒಂದು ಹೆಸರು. ತಿದ್ದಿ, ಸಬ್‌ಮಿಟ್ ಮಾಡಿ ಮಲಗೋಣ ಅನ್ನಿಸುತ್ತೆ. ಮಲಗಿ, ತಪ್ಪೇನಿಲ್ಲ. ಬೆಳಿಗ್ಗೆ ಎದ್ದ ಮೇಲೆ ಮಾತ್ರ ಎರಡು ನಿಮಿಷ ಕೂತು ಕೇಳಿಕೊಳ್ಳಿ: ಈ ತಪ್ಪು ನುಸುಳೋಕೆ ದಾರಿ ಹೇಗಾಯಿತು, ಆ ದಾರಿಯನ್ನೇ ಮುಚ್ಚೋ ಒಂದು ಸಣ್ಣ ಪರೀಕ್ಷೆಯನ್ನೋ, ಒಂದು ಸಣ್ಣ ಸ್ಕ್ರಿಪ್ಟನ್ನೋ ಬರೆದಿಡೋಕಾಗುತ್ತಾ? ಬರೆದಿಟ್ಟರೆ ಮುಂದಿನ ಬ್ಯಾಚಿನವರಿಗೆ ಆ ಬಗ್ ಎದುರಾಗೋದೇ ಇಲ್ಲ. ಅವರಿಗೆ ಅದು ಗೊತ್ತೂ ಆಗಲ್ಲ, ನಿಮಗೆ ಥ್ಯಾಂಕ್ಸೂ ಹೇಳಲ್ಲ. ಎ-0 ನೆನೆದು ಲಿಂಕರ್ ಓಡಿಸೋರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ.